ಒಂದೇ ಉಪಕೇಂದ್ರಕ್ಕೆ ಸೇರಿದ ಪವನ ವಿದ್ಯುತ್ ಸ್ಥಾವರಗಳು ವೋಲ್ಟೇಜ್ ನಿಯಂತ್ರಣದಲ್ಲಿ ಪರಸ್ಪರ ಜಗ್ಗಾಡದಂತೆ ಮಾಡುವುದು ಹೇಗೆ?

ಹಲವು ಪವನ ಸ್ಥಾವರಗಳು ಉಪಕೇಂದ್ರದ ಮಾರ್ಗಗಳೆಲ್ಲ ಕೂಡುವ ಒಂದೇ 220 ಕೆವಿ (ಕಿಲೋವೋಲ್ಟ್) ಬಸ್‌ಗೆ ಸೇರಿರುವಾಗ, ಪ್ರತಿಯೊಂದರ ನಿಯಂತ್ರಕವೂ ವೋಲ್ಟೇಜನ್ನು ತನ್ನ ಗುರಿಗೇ ನಿಖರವಾಗಿ ತರಲು ಹೊರಟರೆ, ಮಾಪನದ ಅತ್ಯಲ್ಪ ವ್ಯತ್ಯಾಸದಿಂದಲೇ ಒಂದು ಸ್ಥಾವರ ರಿಯಾಕ್ಟಿವ್ ಪವರ್ (ನೇರವಾಗಿ ಕೆಲಸ ಮಾಡದಿದ್ದರೂ ವೋಲ್ಟೇಜನ್ನು ಏರಿಳಿಸುವ ವಿದ್ಯುತ್) ಸುರಿಯುತ್ತದೆ, ಪಕ್ಕದ್ದು ಅದನ್ನು ಹೀರುತ್ತದೆ. ಕೊನೆಗೆ ಒಂದಲ್ಲ ಒಂದು ತನ್ನ ಮಿತಿಗೆ ತಾಗಿ ನಿಲ್ಲುತ್ತದೆ. ಇದಕ್ಕೆ ಮದ್ದು ಡ್ರೂಪ್, ಅಂದರೆ ವೋಲ್ಟೇಜ್ ಗುರಿಯಿಂದ ಎಷ್ಟು ಸರಿದಿದೆಯೋ ಅದಕ್ಕೆ ತಕ್ಕಷ್ಟೇ ರಿಯಾಕ್ಟಿವ್ ಪವರ್ ಕೊಡುವ ನಿಯಮ. ವೋಲ್ಟೇಜ್ 4% ಕುಸಿದಾಗ ಪೂರ್ಣ ಸಾಮರ್ಥ್ಯ ಎಂದು ಎಲ್ಲರಿಗೂ ನಿಗದಿ ಮಾಡಿದರೆ, ಬಸ್ 215.6 ಕೆವಿಗೆ, ಅಂದರೆ 2% ಇಳಿದಾಗ, 30 ಎಂವಿಎಆರ್ (ರಿಯಾಕ್ಟಿವ್ ಪವರ್ ಅಳೆಯುವ ಮಾನ) ಸಾಮರ್ಥ್ಯದ ಸ್ಥಾವರ 15ನ್ನೂ 20ರದ್ದು 10ನ್ನೂ ಕೊಡುತ್ತದೆ. ಪರಸ್ಪರ ಸಂದೇಶ ಕಳುಹಿಸಿಕೊಳ್ಳದೆಯೇ ಹೊರೆ ಹಂಚಿಹೋಗುತ್ತದೆ. ಉಪಕೇಂದ್ರದಲ್ಲಿ ಮೇಲ್ನಿಯಂತ್ರಕವೊಂದನ್ನು ಇಟ್ಟು ಗುರಿಗಳನ್ನು ನಿಧಾನವಾಗಿ ತಿದ್ದುವುದೂ ಉಂಟು. ಆದರೂ ಸಂಪರ್ಕ ಕಡಿದಾಗ ಕೈಹಿಡಿಯುವುದು ಡ್ರೂಪೇ ಆದ್ದರಿಂದ, ನನ್ನ ದೃಷ್ಟಿಯಲ್ಲಿ ಅದನ್ನು ತೆಗೆದುಹಾಕುವುದು ಸರಿಯಲ್ಲ.