ನಲವತ್ತು ದಾಟಿದ ಮೇಲೆ ಸಂಶೋಧನಾ ವಿಧಾನ ಕಲಿಯಲು ಮೊದಲು ಸಂಖ್ಯಾಶಾಸ್ತ್ರದ ಟ್ಯೂಷನ್ ಬೇಕೇ?

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಮನೋವಿಜ್ಞಾನದ ಎಂ.ಎ.ಗೆ ಸೇರಿ, ಸಂಶೋಧನಾ ವಿಧಾನದ ಪತ್ರಿಕೆಗೆ ಹೆದರಿ, ಟ್ಯೂಷನ್‌ಗೆ ಹೋಗಲೇ ಎಂದು ಕೇಳಿದ್ದೀರಿ. ನಾನೂ ಅದೇ ಭಯದಿಂದ ದಾವಣಗೆರೆಯಲ್ಲಿ ಮೂರು ತಿಂಗಳು ಟ್ಯೂಷನ್‌ಗೆ ಹೋಗಿದ್ದೆ. ಆದರೂ ಕೊನೆಗೆ ಒಂದು ‘ಇಲ್ಲ’ ಎಂಬ ಪದ ನನ್ನನ್ನು ಕೆಡವಿತು.

ಪ್ರಬಂಧಕ್ಕೆ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವ ಮಹಿಳೆಯರ ಮಾನಸಿಕ ಒತ್ತಡವನ್ನು ಆರಿಸಿಕೊಂಡಿದ್ದೆ. ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಒತ್ತಡ ಮಾಪನಿಯ ಹತ್ತು ಪ್ರಶ್ನೆಗಳ ರೂಪವನ್ನು ಒಂದೇ ರಾತ್ರಿಯಲ್ಲಿ ನಾನೇ ಕನ್ನಡಕ್ಕೆ ತಂದು, ಯಾರಿಗೂ ತೋರಿಸದೆ, ಮರುದಿನವೇ ಭಟ್ಟಿಗೆ ಹೊರಟೆ. ‘ಎಂದೂ ಇಲ್ಲ’ ಎಂದರೆ 0, ‘ಬಹಳ ಸಲ’ ಎಂದರೆ 4. “ಕಳೆದ ತಿಂಗಳಲ್ಲಿ ಮುಖ್ಯ ವಿಷಯಗಳು ನಿಮ್ಮ ಹಿಡಿತಕ್ಕೆ ಸಿಗಲಿಲ್ಲ ಎಂದು ಎಷ್ಟು ಸಲ ಅನಿಸಿತು?” ಎಂದು ಓದಿದಾಗ, ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದ ಹಿರಿಯರೊಬ್ಬರು ಕೈ ನಿಲ್ಲಿಸದೆ, “ಇಲ್ರೀ ಮೇಡಂ, ಎಲ್ಲಿ ಸಿಗ್ತೈತಿ” ಎಂದರು. ನಾನು 0 ಬರೆದೆ. ಇಲ್ಲವೆಂಬ ಪ್ರಶ್ನೆಗೆ ಕನ್ನಡದಲ್ಲಿ ‘ಇಲ್ಲ’ ಎಂದರೆ ಒಪ್ಪಿದಂತೆ ಎಂಬುದು, ಹುಟ್ಟಿನಿಂದ ಈ ಭಾಷೆ ಆಡುವ ನನಗೆ ಆ ಕ್ಷಣ ಹೊಳೆಯಲೇ ಇಲ್ಲ. ಹಿಡಿತಕ್ಕೆ ಸಿಗಲೇ ಇಲ್ಲ ಎಂದು ಅವರು ಹೇಳಿದರೆ, ಒತ್ತಡವೇ ಇಲ್ಲ ಎಂದು ನಾನು ಬರೆದುಕೊಂಡೆ. ಹೀಗೆ 96 ಹಾಳೆ ತುಂಬಿದವು. ಒಂದು ಮಾಪನಿಯ ಪ್ರಶ್ನೆಗಳಿಗೆ ಬಂದ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಕ್ರೋನ್‌ಬಾಕ್ ಆಲ್ಫಾ ಎಂಬ ಅಂಕಿ ಸಾಮಾನ್ಯವಾಗಿ 0.70 ಆದರೂ ಇರಬೇಕೆನ್ನುತ್ತಾರೆ, ನನಗೆ 0.38 ಬಂತು. ಯಾರ ‘ಇಲ್ಲ’ಕ್ಕೆ ಯಾವ ಅರ್ಥವಿತ್ತೆಂದು ಈಗ ಬೇರ್ಪಡಿಸಲು ಬಾರದು ಎಂದು ಮಾರ್ಗದರ್ಶಕರು ಹಾಳೆಗಳನ್ನು ಹಿಂದಿರುಗಿಸಿದರು. ಒಂದು ಸೆಮಿಸ್ಟರ್ ಹೋಯಿತು.

ಆದ್ದರಿಂದ ಟ್ಯೂಷನ್ ಬೇಡವೆಂದೇ ನನ್ನ ಅಭಿಪ್ರಾಯ. ಸರಾಸರಿ, ಮಾನಕ ವಿಚಲನೆ, ಸಹಸಂಬಂಧಗಳೆಲ್ಲ ನೀವೇ ಸಂಗ್ರಹಿಸಿದ ಇಪ್ಪತ್ತು ಅಂಕಿಗಳ ಮೇಲೆ ಕೈಯಾರೆ ಮಾಡಿದರೆ ಬರುತ್ತವೆ. ಅದಕ್ಕಿಂತ ಮೊದಲು ಪ್ರಶ್ನಾವಳಿಯನ್ನು ಇಬ್ಬರಿಂದ ಬೇರೆಬೇರೆಯಾಗಿ ಕನ್ನಡಕ್ಕೆ ಮಾಡಿಸಿ, ಮೂಲವನ್ನು ನೋಡದ ಮತ್ತೊಬ್ಬರಿಂದ ಇಂಗ್ಲಿಷಿಗೆ ತಿರುಗಿಸಿ, ಹತ್ತು ಜನರ ಎದುರು ಓದಿ, “ಇದರಿಂದ ನಿಮಗೆ ಏನು ಅರ್ಥವಾಯಿತು?” ಎಂದು ಕೇಳಿ. ವಯಸ್ಸನ್ನು ಅಡ್ಡಿ ಎಂದುಕೊಂಡಿದ್ದೀರಿ. ಇಪ್ಪತ್ತೆರಡರ ಸಹಪಾಠಿಗಳ ಮುಂದೆ ಬಾಯಿ ಬಿಡದ ಹೆಂಗಸರು ನನ್ನೊಡನೆ ಮನೆಯ ಸಾಲದವರೆಗೆ ಮಾತಾಡಿದ್ದಾರೆ.

ಎರಡನೆಯ ಸಲ ಅದೇ ಭಟ್ಟಿಗೆ ಹೋಗಿ, “ಮುಖ್ಯ ವಿಷಯಗಳು ಕೈಮೀರಿ ಹೋದವು ಎಂದು ಎಷ್ಟು ಸಲ ಅನಿಸಿತು?” ಎಂದು ಕೇಳಿದೆ. ಆ ಹಿರಿಯರು ಈ ಬಾರಿ ಕೈ ನಿಲ್ಲಿಸಿ ನನ್ನತ್ತ ನೋಡಿ, “ದಿನಾ ಅನಿಸ್ತೈತ್ರೀ” ಎಂದರು.