ಫೈಬರ್ ಹಾಕಿಸಿದರೆ ಮಳೆಗಾಲದಲ್ಲೂ ಟಿವಿ ನಿಲ್ಲದೆ ಬರುತ್ತಾ?

ತೀರ್ಥಹಳ್ಳಿ ಕಡೆಯವರು ಅಂತ ಬರೆದಿದ್ದೀರಿ. ಜೋರು ಮಳೆ ಬಂದರೆ ಡಿಶ್ ನಿಂತುಹೋಗುತ್ತದೆ, ಫೈಬರ್‌ಗೆ ಬದಲಾಯಿಸಿದರೆ ಟಿವಿ ಸರಿಯಾಗಿ ಬರುತ್ತಾ ಅನ್ನೋದು ನಿಮ್ಮ ಪ್ರಶ್ನೆ. ನಮ್ಮ ಮನೆ ಆಗುಂಬೆ ದಾರಿಯಲ್ಲಿ, ತೋಟದ ಒಳಗೆ. ಎರಡೂ ಅನುಭವಿಸಿ ಆಗಿದೆ.

ಮಳೆಗೆ ನಿಲ್ಲುವುದಿಲ್ಲ. ಆದರೆ ವೈರ್ ಮೇಲೆ ಮರ ಬಿದ್ದರೆ ನಿಲ್ಲುತ್ತದೆ.

ಡಿಶ್‌ಗೆ ಸಿಗ್ನಲ್ ಬರುವುದು ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹದಿಂದ. ಅಷ್ಟು ದೂರ ಬಂದು ಮೊದಲೇ ಸೊರಗಿರುತ್ತದೆ, ಕೊನೆಯ ನಾಲ್ಕೈದು ಕಿಲೋಮೀಟರ್‌ನಲ್ಲಿ ನಮ್ಮ ಆಷಾಢದ ಮಳೆ ಉಳಿದದ್ದನ್ನೂ ನುಂಗಿಬಿಡುತ್ತದೆ. ಫೈಬರ್‌ನಲ್ಲಿ ಹೋಗುವುದು ಕೂದಲೆಳೆಯಷ್ಟು ಗಾಜಿನೊಳಗಿನ ಬೆಳಕು, ಅದಕ್ಕೆ ಹೊರಗೆ ಮಳೆಯೋ ಬಿಸಿಲೋ ಗೊತ್ತೇ ಆಗಲ್ಲ.

ಹಾಕಿಸುವ ಮೊದಲು ಒಂದು ವಿಷಯ ಕೇಳಿಕೊಳ್ಳಿ. ಫೈಬರ್‌ನಲ್ಲಿ ಟಿವಿ ಕೊಡುವುದಕ್ಕೆ ಎರಡು ದಾರಿ ಇದೆ. ಒಂದು ಐಪಿಟಿವಿ, ಅಂದರೆ ಚಾನೆಲ್ ಕೂಡ ಇಂಟರ್ನೆಟ್ ಡೇಟಾದ ಹಾಗೆಯೇ ಬರುತ್ತದೆ, ನೀವು ರಿಮೋಟ್ ಒತ್ತಿದ ಚಾನೆಲ್ ಮಾತ್ರ ಮನೆಗೆ ಬರುತ್ತದೆ. ಇನ್ನೊಂದು, ಕೇಬಲ್‌ನವರ ಎಲ್ಲಾ ಚಾನೆಲ್‌ಗಳನ್ನೂ ಬೇರೆಯೇ ಬೆಳಕಿನಲ್ಲಿ ಅದೇ ಎಳೆಯೊಳಗೆ ಕಳಿಸುವುದು. ಇಂಟರ್ನೆಟ್ 1490 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಇಳಿಯುತ್ತದೆ, ಟಿವಿ 1550ರಲ್ಲಿ. ಒಂದಕ್ಕೊಂದು ಅಡ್ಡ ಬರುವುದಿಲ್ಲ. ಮನೆಯ ಮೋಡೆಮ್‌ಗೆ ಹಳೇ ಕೇಬಲ್ ವೈರ್ ತಿರುಗಿಸಿ ಹಾಕುವ ದುಂಡನೆ ಪಿನ್ ಇದ್ದರೆ ಅದು ಈ ಎರಡನೇ ಬಗೆ.

ನಮ್ಮದು ಅದೇ. ಎರಡು ವರ್ಷದ ಹಿಂದೆ ಗಣೇಶನ ಹಬ್ಬಕ್ಕೆ ಮನೆ ಒಪ್ಪ ಮಾಡುವಾಗ ಟಿವಿ ಹಿಂದೆ ಜೋತಾಡುತ್ತಿದ್ದ ಫೈಬರ್ ವೈರನ್ನು ನಾನೇ ಬಿಗಿಯಾಗಿ ಸುತ್ತಿ, ಪ್ಲಾಸ್ಟಿಕ್ ಟ್ಯಾಗ್ ಹಾಕಿ ಎಳೆದಿದ್ದೆ. ಸಂಜೆಗೆ ಟಿವಿಯಲ್ಲಿ ಮುಖಗಳೆಲ್ಲ ಚೌಕಚೌಕ. ಮೊಬೈಲ್‌ನಲ್ಲಿ ವಿಡಿಯೋ ಮಾತ್ರ ಚೆನ್ನಾಗಿ ಓಡುತ್ತಿತ್ತು! ಸೆಟ್‌ಟಾಪ್ ಬಾಕ್ಸ್ ಹಾಳಾಯಿತು ಅಂತ ಅಮ್ಮ, ಚಾನೆಲ್‌ನವರದ್ದೇ ತಪ್ಪು ಅಂತ ನಾನು. ಮಾರನೇ ದಿನ ಲೈನ್‌ನ ಹುಡುಗ ಬಂದು ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಇಟ್ಟು ನೋಡಿದ, ಏನೂ ಮಾತಾಡದೆ ಟ್ಯಾಗ್ ಕತ್ತರಿಸಿ ವೈರನ್ನು ಬಳೆಗಿಂತ ದೊಡ್ಡ ಸುತ್ತು ಮಾಡಿ ಬಿಟ್ಟ. ಟಿವಿ ಬಂತು. ಗಾಜಿನ ಎಳೆ ಬಿಗಿಯಾಗಿ ಬಾಗಿದರೆ ಬೆಳಕು ತಿರುವಿನಲ್ಲಿ ಸೋರುತ್ತದೆ, ಅದರಲ್ಲೂ 1550 ಬೆಳಕು ಜಾಸ್ತಿ ಸೋರುತ್ತದೆ. ಇಂಟರ್ನೆಟ್ ಆ ಮೀಟರ್‌ನ ಲೆಕ್ಕದಲ್ಲಿ ಮೈನಸ್ 27 ಡಿಬಿಎಂನಷ್ಟು ಮಂದ ಬೆಳಕಿನಲ್ಲೂ ಹೇಗೋ ನಡೆಯುತ್ತದೆ, ಟಿವಿಗೆ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಬೇಕು. ಹಾಗಾಗಿ ನೆಟ್ ಇದ್ದು ಟಿವಿ ಮಾತ್ರ ಒಡೆಯುತ್ತಿದ್ದರೆ ಮೊದಲು ವೈರ್ ಎಲ್ಲಿ ಮಡಚಿದೆ ನೋಡಿ, ಕಿಟಕಿ ಸಂದಿಯನ್ನೂ ನೋಡಿ. ಫೈಬರ್ ವೈರಿನ ತುದಿಯಲ್ಲಿ ಹಸಿರು ಪಿನ್ ಇದ್ದಲ್ಲಿ ನೀಲಿ ಪಿನ್ ಸಿಕ್ಕಿಸಲು ಹೋಗಬೇಡಿ. ಹಸಿರಿನ ತುದಿ 8 ಡಿಗ್ರಿ ಓರೆ, ಎರಡೂ ಕೂಡುವುದಿಲ್ಲ.

ಕರೆಂಟ್ ವಿಷಯ ಬೇರೆ. ಹಳೇ ಕೇಬಲ್‌ಗೆ ಕಂಬದ ಮೇಲೆ ಅಲ್ಲಲ್ಲಿ ಆಂಪ್ಲಿಫೈಯರ್ ಇರುತ್ತಿತ್ತು, ಆ ಕಡೆ ಊರಲ್ಲಿ ಕರೆಂಟ್ ಹೋದರೆ ನಮ್ಮ ಟಿವಿಯೂ ಹೋಗುತ್ತಿತ್ತು. ಫೈಬರ್‌ನಲ್ಲಿ ಅವರ ಯಂತ್ರದಿಂದ ನಮ್ಮ ಮನೆವರೆಗೆ ನಡುವೆ ಕರೆಂಟ್ ಬೇಕಿಲ್ಲ. ಮನೆಯ ಮೋಡೆಮ್, ಸೆಟ್‌ಟಾಪ್ ಬಾಕ್ಸ್, ಟಿವಿ ಮೂರೂ ಇನ್ವರ್ಟರ್‌ಗೆ ಇದ್ದರೆ ಸಾಕು. ಗಾಜಿನಲ್ಲಿ ಸಿಡಿಲು ಹರಿಯಲ್ಲ ನಿಜ, ಆದರೆ ಪ್ಲಗ್ ಮೂಲಕ ಬರುತ್ತದೆ, ಗುಡುಗಿದಾಗ ಅಡಾಪ್ಟರ್ ಕಿತ್ತಿಡಿ.

ಇನ್ನು ತೋಟದ ಮಧ್ಯೆ ವೈರ್ ಎಳೆಸುವುದು. ನಮ್ಮಲ್ಲಿ ವರ್ಷಕ್ಕೆ ಒಂದೆರಡು ಸಲ ಸೋಗೆ ಬಿದ್ದು ತುಂಡಾಗುತ್ತದೆ, ಮೋಡೆಮ್‌ನಲ್ಲಿ ಕೆಂಪು ದೀಪ ಮಿನುಗಿದರೆ ಅದೇ. ಆ ತುದಿಯನ್ನು ಟೇಪ್ ಸುತ್ತಿ ಸೇರಿಸಲು ಬರುವುದಿಲ್ಲ, ಸ್ಪ್ಲೈಸಿಂಗ್ ಮೆಷಿನ್ ತಂದು ಕಾಯಿಸಿ ಕೂಡಿಸಬೇಕು. ಮೆಷಿನ್ ಬರುವುದಕ್ಕೆ ನಮ್ಮ ಕಡೆ ಮೂರು ದಿನ ಹಿಡಿದದ್ದೂ ಉಂಟು. ದಾರಿ ಸುತ್ತಾದರೂ ರಸ್ತೆ ಬದಿಯಿಂದಲೇ ಎಳೆಸಿ. ತುದಿಯಲ್ಲಿ ಹತ್ತು ಮೀಟರ್ ಹೆಚ್ಚಿಗೆ ಬಿಟ್ಟು ಕಂಬದ ಹತ್ತಿರ ಸುತ್ತಿಡಲು ಹೇಳಿ. ಹಳೇ ಡಿಶ್ ಕೊಡೆಯನ್ನು ಈಗಲೇ ಗುಜರಿಗೆ ಹಾಕಬೇಡಿ.