ಫೈಬ್ರೊಸ್ಕ್ಯಾನ್ ಆಯ್ತು, ಇನ್ನು ಬಯಾಪ್ಸಿಯೂ ಬೇಕಾ?

ಪ್ರಶ್ನೆ: ನನಗೆ 43 ವರ್ಷ. ರಕ್ತದಾನಕ್ಕೆ ಹೋದಾಗ ಹೆಪಟೈಟಿಸ್ ಬಿ ಇರುವುದು ಗೊತ್ತಾಗಿ ಐದು ವರ್ಷವಾಯಿತು. ತೊಂದರೆ ಏನೂ ಇಲ್ಲ. ಸಕ್ಕರೆ ಕಾಯಿಲೆ ಇದೆ, ತೂಕ 88 ಕೆ.ಜಿ. ಈಚೆಗೆ ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಶ) 58, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) 1,200 ಬಂತು. ಬೆಳಿಗ್ಗೆ ತಿಂಡಿ ತಿಂದು ಹೋಗಿ ಮಾಡಿಸಿದ ಫೈಬ್ರೊಸ್ಕ್ಯಾನ್‌ನಲ್ಲಿ (ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಸ್ಕ್ಯಾನ್) 7.8 ಇತ್ತು. ಡಾಕ್ಟರು ಬಯಾಪ್ಸಿ, ಅಂದರೆ ಸೂಜಿಯಿಂದ ಲಿವರ್‌ನ ಚೂರು ತೆಗೆದು ನೋಡುವ ಪರೀಕ್ಷೆ, ಮಾಡಿಸೋಣ ಅಂದರು. ಕ್ಯಾನ್ಸರ್ ಇರಬಹುದಾ ಅಂತ ಮನೆಯಲ್ಲಿ ಎಲ್ಲರಿಗೂ ಗಾಬರಿ. ಮಾಡಿಸಲೇಬೇಕಾ?

ಉತ್ತರ: ಮೊದಲು ಮನೆಯವರಿಗೆ ಸಮಾಧಾನ ಹೇಳಿ. ಇಲ್ಲಿ ಹುಡುಕುತ್ತಿರುವುದು ಕ್ಯಾನ್ಸರನ್ನಲ್ಲ. ಲಿವರ್ ಎಷ್ಟು ಗಟ್ಟಿಯಾಗಿದೆ, ಯಾಕೆ ಗಟ್ಟಿಯಾಗಿದೆ ಅನ್ನುವುದನ್ನು.

ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಆ ತಿಂಡಿ. ಊಟವಾದ ಮೇಲೆ ಲಿವರ್‌ಗೆ ರಕ್ತ ಜಾಸ್ತಿ ಹರಿಯುತ್ತದೆ. ಆಗ ಸ್ಕ್ಯಾನ್ ಮಾಡಿದರೆ ಲಿವರ್ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಕನಿಷ್ಠ ಮೂರು ಗಂಟೆ ಏನೂ ತಿಂದಿರಬಾರದು. ಇದನ್ನು ಎಷ್ಟೋ ಕಡೆ ಹೇಳುವುದೇ ಇಲ್ಲ! ಹಾಗಾಗಿ ಸೂಜಿಗೆ ಮುಂಚೆ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ. ನಿಮ್ಮ ಮೈಕಟ್ಟಿಗೆ ದೊಡ್ಡ ಪ್ರೋಬ್ (ಸ್ಕ್ಯಾನ್ ಮಾಡುವಾಗ ಮೈಗೆ ಒತ್ತಿ ಹಿಡಿಯುವ ಸಾಧನ) ಬೇಕಾಗಬಹುದು, ಕೇಳಿ ನೋಡಿ.

ಆಗಲೂ ಸ್ಕ್ಯಾನ್‌ನ ಅಂಕಿ 7 ದಾಟಿದರೆ? ವಿಶ್ವ ಆರೋಗ್ಯ ಸಂಸ್ಥೆಯ 2024ರ ಸಲಹೆಯಂತೆ, ವೈರಲ್ ಲೋಡ್ ಎಷ್ಟೇ ಇರಲಿ, ವೈರಸ್ ಹತ್ತಿಕ್ಕುವ ಮಾತ್ರೆ ಶುರು ಮಾಡಲು ಅಷ್ಟೇ ಸಾಕು. ಮಾತ್ರೆ ಕೊಡಬೇಕೋ ಬೇಡವೋ ಅನ್ನುವುದಕ್ಕಷ್ಟೇ ಆದರೆ ಬಯಾಪ್ಸಿ ಬೇಕಿಲ್ಲ.

ಹಾಗಂತ ನಿಮ್ಮ ಡಾಕ್ಟರು ಸುಮ್ನೆ ಹೇಳಿದ್ದಾರೆ ಅಂತಲ್ಲ. ವೈರಸ್ ಕಡಿಮೆ ಇದೆ, ಆದರೂ ಎಸ್‌ಜಿಪಿಟಿ ಏರಿದೆ. ಜೊತೆಗೆ ಸಕ್ಕರೆ ಕಾಯಿಲೆ, ತೂಕ. ಇದು ವೈರಸ್ಸಿನ ಕೆಲಸವೋ, ಲಿವರ್‌ನಲ್ಲಿ ಸೇರಿದ ಕೊಬ್ಬಿನ ಕಿತಾಪತಿಯೋ? ಅಥವಾ ಎರಡೂ ಸೇರಿವೆಯೋ? ರಕ್ತಪರೀಕ್ಷೆ, ಸ್ಕ್ಯಾನ್‌ಗಳು ಇದನ್ನು ಬಿಡಿಸಿ ಹೇಳುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಲಿವರ್‌ನ ಚೂರನ್ನು ನೋಡಿದವರು ಹೇಳಬಲ್ಲರು. ಬಯಾಪ್ಸಿ ಇವತ್ತಿಗೂ ಬೆಲೆ ಉಳಿಸಿಕೊಂಡಿರುವುದು ಇಂಥ ಕಡೆಯೇ.

ಬಯಾಪ್ಸಿಯೇ ಕೊನೆ ಮಾತು ಅಂತಲೂ ತಿಳಿಯಬೇಡಿ. ಸೂಜಿಯಲ್ಲಿ ಬರುವ ಚೂರು ಇಡೀ ಲಿವರ್‌ನ ಸುಮಾರು 50,000ದಲ್ಲಿ ಒಂದು ಪಾಲು ಅಷ್ಟೇ. ಪಕ್ಕದ ಜಾಗದಲ್ಲಿ ಚುಚ್ಚಿದ್ದರೆ ರಿಪೋರ್ಟ್ ಬೇರೆ ಬರಬಹುದಿತ್ತು. ಅದಕ್ಕೇ ಡಾಕ್ಟರನ್ನು ಒಂದೇ ಮಾತು ಕೇಳಿ: ‘ರಿಪೋರ್ಟ್ ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು?’ ಎರಡಕ್ಕೂ ಒಂದೇ ಉತ್ತರವಾದರೆ ಚುಚ್ಚಿಸಿಕೊಳ್ಳುವುದು ಯಾಕೆ, ಅಲ್ವಾ?

ಮಾಡಿಸುವುದೇ ಆದರೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮುಂಚೆಯೇ ತಿಳಿಸಿ. ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಆಗಿರಬೇಕು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡ್ ನೋಡಿಕೊಂಡು ಚುಚ್ಚುತ್ತಾರೆ. ಆಮೇಲೆ ಕೆಲವು ಗಂಟೆ ಮಲಗಿರಬೇಕು. ಬಲಭುಜ ನೋಯಬಹುದು, ಹೆದರಬೇಡಿ. ಜೋರಾಗಿ ರಕ್ತಸ್ರಾವವಾಗುವುದು ತೀರಾ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲಾರೆ. ಅವತ್ತು ಬೈಕ್ ಓಡಿಸಿಕೊಂಡು ಮನೆಗೆ ಬರಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.